ಹೊಸ ಏರ್ ರೈಫಲ್‌ನ ಮುಂದಿನ ಸೈಟ್‌ಗೆ ಅರ ಹಾಕೋಕೆ ಬಿಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಮಕ್ಕಳಿಗೆ ಹೊಸ ಏರ್ ರೈಫಲ್ ಕೊಡಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸೈಟ್ ಅಂದರೆ ಗುರಿ ಹಿಡಿಯಲು ರೈಫಲ್ ಮೇಲಿರುವ ಗುರುತು, ಮುಂದಿನದು ನಳಿಗೆಯ ತುದಿಯಲ್ಲಿ, ಹಿಂದಿನದು ಕಣ್ಣಿನ ಕಡೆ ಇರುತ್ತದೆ. ಹಿಂದಿನ ಸೈಟ್ ಅನ್ನು ಕೊನೆಯವರೆಗೆ ಇಳಿಸಿದ ಮೇಲೂ ಪೆಲೆಟ್ (ಸೀಸದ ಸಣ್ಣ ಗುಂಡು) ಗುರಿಗಿಂತ ಮೇಲೆಯೇ ಬೀಳುತ್ತಿದ್ದರೆ ಆ ರೈಫಲ್ ಅನ್ನು ಅಂಗಡಿಗೆ ವಾಪಸ್ ಕೊಡಿ. ಬದಲಿಸಿ ಕೊಡಿ ಅಂತ ಕೇಳಿ. "ಮುಂದಿನ ಸೈಟ್ ಸ್ವಲ್ಪ ಉಜ್ಜಿದರೆ ಸರಿಹೋಗುತ್ತೆ" ಅಂತ ಯಾರೇ ಹೇಳಲಿ, ರೈಫಲ್ ಅವರ ಕೈಗೆ ಕೊಡಬೇಡಿ. ನಮ್ಮ ಮನೆಯ ಹುಡುಗಿಯ ರೈಫಲ್ ಹಾಳಾಗಿದ್ದೇ ಹಾಗೆ, ಅವಳ ಕಣ್ಣು ಉಳಿದಿದ್ದು ಕನ್ನಡಕ ಇದ್ದಿದ್ದರಿಂದ.

ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹೊಡೆದು ಅದರ ಮೇಲೆ ತುಂಬಾ ಆಸೆ ಬಂತು. ಮನೆಯಲ್ಲೇ 10 ಮೀಟರ್ ಅಭ್ಯಾಸ ಮಾಡಲಿ ಅಂತ ಭಾವ ದಾವಣಗೆರೆಯ ಒಂದು ಅಂಗಡಿಯಲ್ಲಿ ಪಾಯಿಂಟ್ 177 ಏರ್ ರೈಫಲ್ ತಗೊಂಡರು. ಪಾಯಿಂಟ್ 177 ಅಂದರೆ 4.5 ಮಿ.ಮೀ. ಪೆಲೆಟ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಮಧ್ಯದಲ್ಲಿ ಮಡಚಿ ಪೆಲೆಟ್ ಹಾಕುವ, ಒಳಗೆ ಸ್ಪ್ರಿಂಗ್ ಇರುವ ಮಾದರಿ ಅದು. ಗೋಡೆಗೆ ತೂಗುಹಾಕಿದ್ದ ಶೋ ಪೀಸನ್ನೇ ಇಳಿಸಿ ಒರೆಸಿ ಕೊಟ್ಟರು. "ಡಬ್ಬದಲ್ಲಿರೋ ಪೀಸ್ ಖಾಲಿ ಸಾರ್, ಇದೂ ಹೊಸದೇ, ಸೈಟ್ ಎಲ್ಲಾ ಸೆಟ್ ಮಾಡಿದೆ" ಅಂದರು. ಬಿಲ್ ಮಾತ್ರ ಸರಿಯಾಗಿ ಕೊಟ್ಟರು.

ಹದಡಿ ರಸ್ತೆಯ ಆಚೆ ನಾಲೆ ಪಕ್ಕದ ತೋಟದಲ್ಲಿ ಹಲಗೆ ನಿಲ್ಲಿಸಿ, ಹಿಂದೆ ಮರಳು ತುಂಬಿದ ಗೋಣಿಚೀಲ ಒಟ್ಟಿ, ಟೇಪಿನಲ್ಲಿ 10 ಮೀಟರ್ ಅಳೆದು ಶುರು ಮಾಡಿದೆವು. ಹುಡುಗಿಗೆ ಕೆಲಸ ಗೊತ್ತಿತ್ತು. ಹೊಸ ರೈಫಲ್ ಒಳಗೆ ಎಣ್ಣೆ ಉಳಿದಿರುತ್ತದೆ, ಮೊದಮೊದಲು ಹೊಗೆ ಬರುತ್ತದೆ, ಶಬ್ದ ಜಾಸ್ತಿ ಇರುತ್ತದೆ, ಪೆಲೆಟ್ ವೇಗ ಒಂದೇ ಥರ ಇರಲ್ಲ, ಅದಕ್ಕೇ ಆ ಹೊಗೆ ನಿಲ್ಲುವವರೆಗೆ ಸೈಟ್ ಮುಟ್ಟಲೇ ಇಲ್ಲ ಅವಳು. ಬಟ್ಟಿನ (ಹೆಗಲಿಗೆ ಆನಿಸುವ ಹಿಡಿಯ) ಸ್ಕ್ರೂಗಳನ್ನು ಬಿಗಿ ಮಾಡಿಕೊಂಡಳು. ಮುಂಗೈಯನ್ನು ಮರಳಿನ ಚೀಲದ ಮೇಲಿಟ್ಟು ಅಂಗೈ ಮೇಲೆ ರೈಫಲ್ ಸುಮ್ನೆ ಕೂರಿಸಿದಳು. ಸ್ಪ್ರಿಂಗ್ ರೈಫಲ್ ಅನ್ನು ನೇರವಾಗಿ ಮೇಜಿನ ಮೇಲೋ ಕಲ್ಲಿನ ಮೇಲೋ ಇಟ್ಟು ಹೊಡೆಯಬಾರದು, ಪೆಲೆಟ್ ನಳಿಗೆ ಬಿಡುವ ಮೊದಲೇ ಅದು ಜಿಗಿಯುತ್ತದೆ. ಗಟ್ಟಿಯಾಗಿ ಹಿಡಿದುಕೊಂಡರೂ ಪ್ರತಿ ಸಲ ಬೇರೆ ಕಡೆ ಬೀಳುತ್ತದೆ.

ಐದು ಪೆಲೆಟ್ ಹೊಡೆದಳು. ಐದೂ ತೂತು ಎರಡು ರೂಪಾಯಿ ನಾಣ್ಯದಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಆದರೆ ಗುರಿಗಿಂತ ಬಹಳ ಮೇಲೆ. ಹಿಂದಿನ ಸೈಟ್ ಇಳಿಸುತ್ತಾ ಬಂದಳು, ಸ್ಕ್ರೂ ತಿರುಗುವಷ್ಟೂ ತಿರುಗಿ ನಿಂತಿತು, ಆಗಲೂ ಗುಂಪು 6 ಸೆಂ.ಮೀ. ಮೇಲೆಯೇ ಇತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದರೆ ಅಂಗಡಿಯವರು ಇದರಲ್ಲೇ ನಮ್ಮ ಬಾಯಿ ಮುಚ್ಚಿಸಲು ನೋಡಿದರು. ತೂತುಗಳು ಎಲ್ಲೆಂದರಲ್ಲಿ ಚದುರಿದ್ದರೆ ಹಿಡಿತ, ಉಸಿರು, ಪೆಲೆಟ್, ಸಡಿಲ ಸ್ಕ್ರೂ ಇವುಗಳನ್ನು ಅನುಮಾನಿಸಬೇಕು. ಎಲ್ಲವೂ ಒಂದೇ ಕಡೆ ಗುಂಪಾಗಿ ಬಿದ್ದು, ಆ ಗುಂಪು ಗುರಿಯಿಂದ ದೂರ ಇದ್ದರೆ ಹೊಡೆದವರ ಕೈ ಸರಿ ಇದೆ ಅಂತಲೇ ಲೆಕ್ಕ. ಆಗ ನೋಡಬೇಕಾದ್ದು ಸೈಟ್ ಮತ್ತು ನಳಿಗೆ. ಅಂಗಡಿಗೆ ಫೋನ್ ಮಾಡಿದರೆ "ಹುಡುಗಿಗೆ ಗುರಿ ಇಡೋಕೆ ಬರಲ್ಲ ಸಾರ್" ಅಂದರು. ಕಾಗದದ ಫೋಟೋ ಕಳಿಸಿದ ಮೇಲೆ ಮಾತು ಬದಲಾಯಿತು. ದುರ್ಗದಲ್ಲಿ ನಮ್ಮ ಮೆಕ್ಯಾನಿಕ್ ಇದ್ದಾರೆ, ಅಲ್ಲಿಗೆ ಹೋಗಿ, ಐದು ನಿಮಿಷದ ಕೆಲಸ ಅಂದರು. ಭಾವ ಮತ್ತು ಹುಡುಗಿ ಹೈವೇಯಲ್ಲಿ 60 ಕಿಲೋಮೀಟರ್ ಹೋದರು.

ಆ ಮನುಷ್ಯ ಸೈಟ್ ಮೂಲಕ ಒಂದು ಸಲ ನೋಡಿದ. "ಫೋರ್‌ಸೈಟ್ ಎತ್ತರ ಆಗಿದೆ, ಅದಕ್ಕೇ ಮೇಲೆ ಹೋಗುತ್ತೆ" ಅಂತ ಅರ ತಗೊಂಡ. ಹುಡುಗಿ "ಅಂಕಲ್, ಉಜ್ಜಬೇಡಿ, ಉಜ್ಜಿದರೆ ಇನ್ನೂ ಮೇಲೆ ಹೋಗುತ್ತೆ" ಅಂದಳು. "ಸುಮ್ನಿರಮ್ಮ, ನಮಗೆ ಗೊತ್ತಿರುತ್ತೆ" ಅಂತ ಎರಡು ಮಿಲಿಮೀಟರ್ ತೆಗೆದೇಬಿಟ್ಟ.

ಅವಳು ಹೇಳಿದ್ದೇ ಸರಿ. ಹಿಂದಿನ ಸೈಟ್ ಯಾವ ಕಡೆ ಸರಿಸುತ್ತೀರೋ ಪೆಲೆಟ್ ಅದೇ ಕಡೆ ಸರಿಯುತ್ತದೆ. ಹಿಂದಿನದು ಇಳಿಸಿದರೆ ಹೊಡೆತ ಇಳಿಯುತ್ತದೆ, ಬಲಕ್ಕೆ ಸರಿಸಿದರೆ ಬಲಕ್ಕೆ. ಮುಂದಿನ ಸೈಟ್ ಪೂರ್ತಿ ಉಲ್ಟಾ. ಮುಂದಿನದು ಗಿಡ್ಡ ಆದರೆ ಅದನ್ನು ಹಿಂದಿನ ಸೈಟ್‌ನ ಸಮಕ್ಕೆ ತರಲು ನಾವು ನಳಿಗೆಯ ಮೂತಿಯನ್ನು ಇನ್ನಷ್ಟು ಮೇಲೆತ್ತುತ್ತೇವೆ, ಹೊಡೆತವೂ ಮೇಲೇರುತ್ತದೆ. ಹೊಡೆತ ಕೆಳಗೆ ಬೀಳುತ್ತಿದ್ದಾಗ ಮಾತ್ರ ಮುಂದಿನ ಸೈಟ್ ಉಜ್ಜುವುದಕ್ಕೆ ಅರ್ಥ ಇದೆ. ಅದನ್ನೂ ತಿಳಿದವರು ಕೂದಲೆಳೆಯಷ್ಟು ಉಜ್ಜಿ, ಹೊಡೆದು ನೋಡಿ, ಮತ್ತೆ ಉಜ್ಜುತ್ತಾರೆ.

ಲೆಕ್ಕವೂ ಕಷ್ಟ ಏನಿಲ್ಲ. ಎರಡು ಸೈಟ್‌ಗಳ ನಡುವಿನ ಅಂತರವನ್ನು ಹೊಡೆತ ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿದರೆ ಸೈಟ್ ಎಷ್ಟು ಸರಿಯಬೇಕು ಅಂತ ಬರುತ್ತದೆ. ನಮ್ಮದರಲ್ಲಿ ಸೈಟ್‌ಗಳ ನಡುವೆ 50 ಸೆಂ.ಮೀ. ಇದೆ. 10 ಮೀಟರ್‌ನಲ್ಲಿ 6 ಸೆಂ.ಮೀ. ತಪ್ಪಿದರೆ 3 ಮಿ.ಮೀ. ಬೇಕು. ಅಂದರೆ ಒಂದು ಮಿ.ಮೀ.ಗೆ ಎರಡು ಸೆಂ.ಮೀ. ಅವನು ಎರಡು ಮಿ.ಮೀ. ಉಜ್ಜಿದ, ಹೊಡೆತ ನಾಲ್ಕು ಸೆಂ.ಮೀ. ಏರಿತು. ಆರು ಇದ್ದದ್ದು ಹತ್ತಾಯಿತು. ತೆಗೆದ ಕಬ್ಬಿಣ ಮತ್ತೆ ಬೆಳೆಯಲ್ಲ ಅಲ್ವಾ?

ಇದಕ್ಕಿಂತ ಸಿಟ್ಟು ಬಂದಿದ್ದು ಆಮೇಲೆ. ಟೆಸ್ಟ್ ಮಾಡ್ತೀನಿ ಅಂತ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ, ಸೈಜುಗಲ್ಲಿನ ಕಾಂಪೌಂಡ್‌ಗೆ ಕಾಗದ ಅಂಟಿಸಿ, ನಾಲ್ಕೈದು ಹೆಜ್ಜೆ ದೂರದಿಂದ ಹೊಡೆದ. ಪೆಲೆಟ್ ಕಲ್ಲಿಗೆ ಬಡಿದು ತಿರುಗಿ ಬಂದು ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕನ್ನಡಕಕ್ಕೆ ತಾಗಿತು. ಗಾಜಿನ ಮೇಲೆ ಕಣ್ಣಿನ ನೇರಕ್ಕೇ ಗೀರು ಬಿದ್ದಿದೆ. ದುರ್ಗದಲ್ಲಿ ಎಲ್ಲಿ ನೋಡಿದರೂ ಕಲ್ಲು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬಂಡೆ, ಕಲ್ಲಿನ ಗೋಡೆ, ಕಬ್ಬಿಣದ ತಗಡು ಯಾವುದೂ ಹಿನ್ನೆಲೆಗೆ ಆಗದು. ಮರಳಿನ ಚೀಲ ಇಲ್ಲವೇ ದಪ್ಪ ಮಣ್ಣಿನ ದಿಬ್ಬವೇ ಬೇಕು. ಹೊಡೆಯುವವರಿಗೂ ನೋಡುವವರಿಗೂ ಕಣ್ಣಿಗೆ ಕನ್ನಡಕ ಇರಲೇಬೇಕು. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬಾರದು. ಹಾಗೆಯೇ ಅಭ್ಯಾಸಕ್ಕೆ ಅಂತ ಜೋಗಿಮಟ್ಟಿ ಕಡೆ ರೈಫಲ್ ಹಿಡಿದುಕೊಂಡು ಹೋಗಬೇಡಿ. ಅದು ವನ್ಯಧಾಮ. ಅಲ್ಲಿ ಹಕ್ಕಿಗೆ ಹೊಡೆಯದೇ ಇದ್ದರೂ ಕೇಸ್ ಆಗುತ್ತದೆ.

ನಿಜವಾದ ಕಾರಣ ಹೇಳಿದ್ದು ನಮ್ಮ ಊರಿನ ನಿವೃತ್ತ ಹವಾಲ್ದಾರ್ ಒಬ್ಬರು. ರೈಫಲ್ ಖಾಲಿ ಇದೆಯೇ ಅಂತ ಮೊದಲು ನೋಡಿಕೊಂಡು, ನಳಿಗೆಯ ಮೇಲೆ ಉದ್ದದ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರು. ಬುಡದ ಹತ್ತಿರ ಸ್ಕೇಲ್ ಕೆಳಗೆ ಬೆಳಕು ಸ್ಪಷ್ಟವಾಗಿ ಕಂಡಿತು. "ನಿನ್ನ ಕೈ ಚೆನ್ನಾಗಿದೆ ತಾಯಿ, ನಳಿಗೆ ಬಗ್ಗಿದೆ" ಅಂದರು. ಆಮೇಲೆ ಬಟ್ಟಿನ ಕುತ್ತಿಗೆಯಲ್ಲಿ ಪಾಲಿಶ್ ಅಡಿ ಇದ್ದ ಸಣ್ಣ ಬಿರುಕೂ ತೋರಿಸಿದರು.

ಮಡಚುವ ರೈಫಲ್‌ನಲ್ಲಿ ಇದು ಹೇಗೆ ಆಗುತ್ತದೆ ಅಂದರೆ, ನಳಿಗೆಯನ್ನು ಪೂರ್ತಿ ಮಡಚಿ ಸ್ಪ್ರಿಂಗ್ ಏರಿಸಿ, ಅದನ್ನು ವಾಪಸ್ ಮುಚ್ಚದೆ ಯಾರಾದರೂ ಟ್ರಿಗರ್ ಎಳೆದರೆ ಸ್ಪ್ರಿಂಗ್‌ನ ಅಷ್ಟೂ ಬಲ ನಳಿಗೆಯ ಮೇಲೆ ಬಂದು ಅದು ಫಟ್ ಅಂತ ತಾನೇ ಮುಚ್ಚಿಕೊಳ್ಳುತ್ತದೆ. ಬೆರಳು ಸಿಕ್ಕಿದರೆ ಬೆರಳು ಹೋಗುತ್ತದೆ. ನಳಿಗೆ ಬುಡದಲ್ಲಿ ಮೇಲಕ್ಕೆ ಬಗ್ಗುತ್ತದೆ, ಬಟ್ಟಿನ ಕುತ್ತಿಗೆ ಸೀಳುತ್ತದೆ. ಎರಡೂ ಗುರುತು ಒಂದೇ ರೈಫಲ್‌ನಲ್ಲಿ ಇದ್ದರೆ ಬೇರೆ ಅನುಮಾನ ಬೇಡ ಅಂದರು ಅವರು. ನಮ್ಮ ಮನೆಗೆ ಬಂದ ಮೇಲೆ ದುರ್ಗಕ್ಕೆ ಒಯ್ಯುವವರೆಗೆ ಅದನ್ನು ಮುಟ್ಟಿದ್ದು ಹುಡುಗಿ ಒಬ್ಬಳೇ. ಅಂಗಡಿಯಲ್ಲಿ ಬಂದ ಗಿರಾಕಿಗಳೆಲ್ಲ ಎತ್ತಿ ನೋಡುವ ಶೋ ಪೀಸ್ ಅದು. ಈ ಮಾದರಿಯಲ್ಲಿ ಹಿಂದಿನ ಸೈಟ್ ಇರುವುದು ನಳಿಗೆಯ ಮೇಲಲ್ಲ, ಹಿಂದಿನ ಸಿಲಿಂಡರ್ ಮೇಲೆ. ನಳಿಗೆ ಬಗ್ಗಿದಾಗ ಮುಂದಿನ ಸೈಟ್ ಕೂಡ ಸ್ವಲ್ಪ ಏರುತ್ತದೆ ನಿಜ, ಆದರೆ ನಳಿಗೆಯ ಮೂತಿ ಅದಕ್ಕಿಂತ ಜಾಸ್ತಿ ಮೇಲೆ ನೋಡುತ್ತದೆ. ಹಾಗಾಗಿ ಸೈಟ್ ಎಷ್ಟು ಇಳಿಸಿದರೂ ಸಾಲಲಿಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲೇ ಕೌಂಟರ್ ಮೇಲೆ ಇಷ್ಟು ನೋಡಿ. ಸೀಲ್ ಇರುವ ಡಬ್ಬದ ಪೀಸೇ ಕೇಳಿ, ಶೋ ಪೀಸ್ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಸ್ಕೇಲ್ ಒಯ್ದು ನಳಿಗೆ ಮೇಲಿಟ್ಟು ನೋಡಿ. ಹಿಂದಿನಿಂದ ನೋಡಿದಾಗ ಮುಂದಿನ ಸೈಟ್ ನೆಟ್ಟಗೆ ನಿಂತಿರಬೇಕು, ಓರೆ ಇರಬಾರದು. ಟ್ರಿಗರ್ ಹಿಂದಿನ ಬಟ್ಟಿನ ಕುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಹಿಂದಿನ ಸೈಟ್‌ನ ಎರಡೂ ಸ್ಕ್ರೂ ನಡುಮಧ್ಯದಲ್ಲಿ ಇವೆಯೇ ನೋಡಿ, ಕಾರ್ಖಾನೆಯಿಂದ ಬಂದ ಹೊಸ ರೈಫಲ್‌ನಲ್ಲಿ ಅವು ಒಂದು ತುದಿಗೆ ಹೋಗಿ ನಿಂತಿರಬಾರದು. ಪೆಲೆಟ್ ಇಲ್ಲದೆ ಖಾಲಿ ಹೊಡೆದು ತೋರಿಸಲು ಬಿಡಬೇಡಿ, ಒಳಗಿನ ಪಿಸ್ಟನ್ ಬಡಿದು ಸ್ಪ್ರಿಂಗ್ ಮತ್ತು ಸೀಲ್ ಹಾಳಾಗುತ್ತವೆ.

ಸೈಟ್ ಸೆಟ್ ಮಾಡುವಾಗ ಒಂದೇ ಡಬ್ಬದ ಪೆಲೆಟ್ ಬಳಸಿ, ಬ್ರ್ಯಾಂಡ್ ಬದಲಾದರೆ ಗುಂಪು ಬೀಳುವ ಜಾಗವೂ ಬದಲಾಗುತ್ತದೆ. ಕಣ್ಣು ನೆಟ್ಟಿರಬೇಕಾದ್ದು ಮುಂದಿನ ಸೈಟ್ ಮೇಲೆ, ಗುರಿಯ ಕಪ್ಪು ವೃತ್ತ ಮಸುಕಾಗಿ ಕಂಡರೆ ಪರವಾಗಿಲ್ಲ. ನಮ್ಮ ಕಡೆಯ ಬಿಸಿಲಿಗೆ ಮುಂದಿನ ಸೈಟ್‌ನ ಒಂದು ಮಗ್ಗುಲು ಹೊಳೆದು ಕಣ್ಣಿಗೆ ಮೋಸ ಮಾಡುತ್ತದೆ, ದೀಪದ ಮಸಿ ಹಚ್ಚಿದರೆ ಹೊಳಪು ಹೋಗುತ್ತದೆ, ಇದು ಹವಾಲ್ದಾರರು ಹೇಳಿಕೊಟ್ಟದ್ದು. ಪ್ರತಿ ಐದು ಹೊಡೆತಕ್ಕೆ ಕಾಗದ ಬದಲಿಸಿ. ಕಾಗದದ ಮೇಲೆ ದಿನಾಂಕ, ದೂರ, ಸೈಟ್ ಯಾವ ಗೆರೆಯಲ್ಲಿತ್ತು ಅಂತ ಬರೆದಿಡಿ.

ನಮಗೆ ಈಗ ಕೈಹಿಡಿದಿರುವುದು ಆ ಕಾಗದಗಳೇ. ಅಂಗಡಿಯವರು "ಸೈಟ್ ಉಜ್ಜಿದೆ, ಇನ್ನು ವಾಪಸ್ ತಗೊಳ್ಳಲ್ಲ" ಅಂದರು. ಉಜ್ಜಿದವನ ಹತ್ತಿರ ಕಳಿಸಿದ್ದೇ ಅವರು. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ, ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಬಿಲ್, ಉಜ್ಜುವ ಮೊದಲಿನ ಗುಂಪಿನ ಕಾಗದ, ಆಮೇಲಿನದು, ಗೀರು ಬಿದ್ದ ಕನ್ನಡಕ ಎಲ್ಲವನ್ನೂ ಒಂದು ಕವರಿನಲ್ಲಿ ಇಟ್ಟಿದ್ದೇವೆ. ಇದೇ ಥರ ಮುಂದಿನ ಸೈಟ್ ಉಜ್ಜಿಸಿಕೊಂಡು ಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಬಿಲ್ ಎಸೆಯಬೇಡಿ, ರೈಫಲ್ ಅನ್ನು ಇನ್ನೊಬ್ಬರ ಕೈಗೆ ರಿಪೇರಿಗೆ ಕೊಡಬೇಡಿ, ಮೊದಲು ನಳಿಗೆ ಮೇಲೆ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.