ಹಳೇ ಲ್ಯಾಪ್‌ಟಾಪ್: ಪ್ರೊಸೆಸರ್ ಬದಲಿಸೋದಾ, ಹೊಸದು ಕೊಳ್ಳೋದಾ?

ಮೊದಲು ನಿಮ್ಮ ಪ್ರೊಸೆಸರ್ ಕಳಚಲು ಬರುತ್ತದೆಯೇ ನೋಡಿ. ಇಂಟೆಲ್‌ನ 4ನೇ ತಲೆಮಾರಿನವರೆಗೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಕೆಟ್‌ನಲ್ಲಿ ಕೂರುತ್ತಿತ್ತು. 5ನೇ ತಲೆಮಾರಿನಿಂದ ಬೋರ್ಡಿಗೇ ಬೆಸುಗೆ. ಅಂಥದ್ದನ್ನು ಬದಲಿಸುವ ಯೋಚನೆ ಬಿಟ್ಟುಬಿಡಿ.

ಉದಾಹರಣೆಗೆ ಲೆನೊವೊ ಥಿಂಕ್‌ಪ್ಯಾಡ್ ಟಿ440ಪಿ ಲ್ಯಾಪ್‌ಟಾಪನ್ನೇ ನೋಡಿ. ಇದು 4ನೇ ತಲೆಮಾರಿನದು, ಸಾಕೆಟ್ ಇದೆ. ಎರಡು ಕೋರ್‌ನ (ಕೋರ್ ಅಂದರೆ ಲೆಕ್ಕ ಮಾಡುವ ಘಟಕ) ಐ5-4300ಎಂ ತೆಗೆದು ನಾಲ್ಕು ಕೋರ್‌ನ ಐ7-4712ಎಂಕ್ಯೂ ಹಾಕಬಹುದು. ಎರಡೂ 37 ವಾಟ್, ಹಾಗಾಗಿ ಬಿಸಿಯ ಚಿಂತೆ ಕಡಿಮೆ. ಪ್ರೊಸೆಸರ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಮಾತ್ರ ಹೊಸದಾಗಿ ಹಚ್ಚಲೇಬೇಕು. ವಿಡಿಯೊ ಎಡಿಟಿಂಗ್, ಕೋಡ್ ಕಂಪೈಲ್ ಮಾಡುವವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬ್ರೌಸರ್, ವರ್ಡ್ ಅಷ್ಟೇ ಅಂದರೆ ಸುಮ್ನೆ ದುಡ್ಡು ದಂಡ.

ನಿಜ ಹೇಳಬೇಕೆಂದರೆ, ಲ್ಯಾಪ್‌ಟಾಪ್ ನಿಧಾನವಾಗಲು ಪ್ರೊಸೆಸರ್ ಕಾರಣ ಆಗಿರೋದು ಕಡಿಮೆ. ಒಳಗೆ ಇನ್ನೂ ಹಾರ್ಡ್‌ಡಿಸ್ಕ್ ಇದ್ದರೆ ಅದೇ ಕಾರಣ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಅದರ ಜಾಗದಲ್ಲಿ ಹಾಕುವ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕ್) 500 ದಾಟುತ್ತದೆ. ಜೊತೆಗೆ ರ‍್ಯಾಮ್ 8 ಜಿಬಿ ಮಾಡಿಸಿ. ಇಷ್ಟಕ್ಕೇ ಯಂತ್ರಕ್ಕೆ ಮರುಜೀವ ಬರುತ್ತದೆ. ನಾನಂತೂ ಮೊದಲು ಇದನ್ನೇ ಮಾಡಿ ಅನ್ನುತ್ತೇನೆ.

ಹೊಸದರ ಕಡೆಗೆ ತಕ್ಕಡಿ ವಾಲುವುದು ವಿಂಡೋಸ್‌ನಿಂದ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹೆಚ್ಚುಕಮ್ಮಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್ ಕೇಳುತ್ತದೆ. ಟಿ440ಪಿಗೆ ಏನೇ ಹಾಕಿದರೂ ಅಲ್ಲಿಗೆ ತಲುಪಲ್ಲ. ಬ್ಯಾಂಕ್ ಕೆಲಸ, ಆಫೀಸ್ ಕೆಲಸ ಇದ್ದು ವಿಂಡೋಸೇ ಬೇಕು ಅಂದರೆ ಹೊಸದೇ ಸರಿ. ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ, ವಾರಂಟಿಯೂ ಇರುತ್ತದೆ. ಆದರೆ ಕೊಳ್ಳುವಾಗ ರ‍್ಯಾಮ್ ಬೆಸುಗೆ ಹಾಕಿದ್ದಾ ಅಂತ ಕೇಳಿ. ಹೌದು ಅಂದರೆ 16 ಜಿಬಿಯದ್ದನ್ನೇ ತಗೊಳ್ಳಿ, ಆಮೇಲೆ ಹೆಚ್ಚಿಸಲು ಆಗಲ್ಲ.

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಒಗ್ಗುತ್ತದೆ ಅನ್ನುವವರು ಹಳೆಯದನ್ನೇ ಇನ್ನಷ್ಟು ವರ್ಷ ಓಡಿಸಬಹುದು.