ಸಾಲ್ಸ್‌ಬರಿಯ ಮ್ಯಾಗ್ನಾ ಕಾರ್ಟಾ: ಗಾಜಿನಾಚೆ ಏನನ್ನು ಓದಬೇಕು

ಇಂಗ್ಲೆಂಡಿನ ದೊರೆ ಜಾನ್ 1215ರಲ್ಲಿ ತನ್ನ ಬ್ಯಾರನ್‌ಗಳಿಗೆ, ಅಂದರೆ ದೊಡ್ಡ ಜಮೀನುದಾರ ಸರದಾರರಿಗೆ, ಮಣಿದು ಕೊಟ್ಟ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ. ಅದರ ಮೂಲಪ್ರತಿಗಳಲ್ಲಿ ಉಳಿದಿರುವುದು ನಾಲ್ಕೇ. ಎರಡು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಒಂದು ಲಿಂಕನ್ ಕೋಟೆಯಲ್ಲಿ, ಇನ್ನೊಂದು ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ. ಅಕ್ಷರ ನೋಡಬೇಕೆನ್ನುವವರು ಸಾಲ್ಸ್‌ಬರಿಗೇ ಹೋಗಬೇಕು. ಬರಹ ಅಷ್ಟು ಚೆನ್ನಾಗಿ ಉಳಿದಿದೆ. ಲಂಡನ್ನಿನ ಒಂದು ಪ್ರತಿ 1731ರ ಬೆಂಕಿಗೂ ಆಮೇಲಿನ ಕೆಟ್ಟ ದುರಸ್ತಿಗೂ ಸಿಕ್ಕಿ ಓದಲಾಗದಂತಾಗಿದೆ, ಆದರೆ ಮುದ್ರೆಯ ಮೇಣದ ಮುದ್ದೆ ಉಳಿದಿರುವುದು ಅದೊಂದಕ್ಕೇ.

ಸಾಲ್ಸ್‌ಬರಿಯ ಪ್ರತಿಯನ್ನು ಇಟ್ಟಿರುವುದು ಕೆಥೆಡ್ರಲ್‌ನ ಪಾದ್ರಿಗಳ ಸಭಾಮಂದಿರವಾದ ಎಂಟು ಮೂಲೆಯ ಚಾಪ್ಟರ್ ಹೌಸ್‌ನಲ್ಲಿ. ಚರ್ಮದ ಹಾಳೆ ಕೆಡದಿರಲೆಂದು ಬೆಳಕು ಮಂದವಾಗಿದೆ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ನಿಲ್ಲಿ. ಜಾನ್ ದೊರೆಯ ಸಹಿ ಹುಡುಕಬೇಡಿ. ಆತ ಸಹಿ ಹಾಕಲೇ ಇಲ್ಲ, ಮುದ್ರೆ ಹಾಕಿಸಿದ. ಈ ಪ್ರತಿಯ ಮುದ್ರೆಯೂ ಕಳೆದುಹೋಗಿದೆ. ಕಲಮುಗಳ ಸಂಖ್ಯೆಯೂ ಸಿಗದು. ಸುಮಾರು 3,500 ಲ್ಯಾಟಿನ್ ಪದಗಳು ಒಂದೇ ಹಾಳೆಯಲ್ಲಿ ಒತ್ತೊತ್ತಾಗಿವೆ. ಇಂದಿನ 63 ಕಲಮುಗಳ ಲೆಕ್ಕ 1759ರಲ್ಲಿ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಹಾಕಿದ್ದು. ಸಂಖ್ಯೆಗಳಿರುವ ಅನುವಾದ ಕೈಯಲ್ಲಿಲ್ಲದಿದ್ದರೆ ಬರೀ ಚಂದದ ಕೈಬರಹ ನೋಡಿ ಬರುತ್ತೀರಿ.

ಕಾನೂನುಬದ್ಧ ತೀರ್ಪಿಲ್ಲದೆ ಸ್ವತಂತ್ರ ಮನುಷ್ಯನನ್ನು ಸೆರೆಹಿಡಿಯುವಂತಿಲ್ಲ ಎನ್ನುವ 39ನೆಯ ಕಲಮಿಗೆ ಎಲ್ಲರೂ ಮುಗಿಬೀಳುತ್ತಾರೆ. ಆದರೆ ದೊರೆಯ ಕೈ ಕಟ್ಟುವ ಯಂತ್ರ ಇರುವುದು 12, 14 ಮತ್ತು 61ರಲ್ಲಿ. ಯುದ್ಧಸೇವೆಯ ಬದಲು ಕೊಡುವ ಹಣಕ್ಕೆ ಸ್ಕ್ಯೂಟೇಜ್ ಎನ್ನುತ್ತಿದ್ದರು. 1214ರಲ್ಲಿ ಜಾನ್ ಒಂದೊಂದು ನೈಟ್ ಹಿಡುವಳಿಗೂ (ಒಬ್ಬ ಕುದುರೆ ಯೋಧನನ್ನು ಒದಗಿಸುವ ಷರತ್ತಿನ ಜಮೀನಿಗೂ) 3 ಮಾರ್ಕ್, ಅಂದರೆ 40 ಷಿಲ್ಲಿಂಗ್, ಕೇಳಿದ್ದ. ರಾಜ್ಯದ ಒಪ್ಪಿಗೆಯಿಲ್ಲದೆ ಅದನ್ನು ಹಾಕುವಂತಿಲ್ಲ ಎನ್ನುತ್ತದೆ 12. ಒಪ್ಪಿಗೆ ಪಡೆಯುವ ಬಗೆ 14ರಲ್ಲಿದೆ: ಬಿಷಪ್, ಅರ್ಲ್, ದೊಡ್ಡ ಬ್ಯಾರನ್‌ಗಳಿಗೆ ಒಬ್ಬೊಬ್ಬರಿಗೂ ಪತ್ರ, ಉಳಿದವರಿಗೆ ದೊರೆಯ ಜಿಲ್ಲಾಧಿಕಾರಿಗಳಾದ ಷರೀಫರ ಮೂಲಕ ಕರೆ, ಕನಿಷ್ಠ 40 ದಿನ ಮೊದಲೇ, ಕಾರಣ ಹೇಳಿ. ಬಾರದವರಿಗಾಗಿ ಸಭೆ ಕಾಯುವುದಿಲ್ಲ. ಈ ಒಂದು ಸಾಲು ಸೇರಿಸಿದವರು ಸಭೆ ನಡೆಸಿ ಪಳಗಿದವರೇ ಇರಬೇಕು.

ಎಡವಟ್ಟು 61ರಲ್ಲಿ. ಬೆಕ್ಕಿಗೆ ಗಂಟೆ ಕಟ್ಟಲು 25 ಬ್ಯಾರನ್‌ಗಳು. ಅವರಲ್ಲಿ ನಾಲ್ವರು ದೂರು ಒಯ್ಯಬೇಕು. 40 ದಿನದಲ್ಲಿ ಸರಿಪಡಿಸದಿದ್ದರೆ ದೊರೆಯ ಕೋಟೆ, ಜಮೀನು ಹಿಡಿಯಬಹುದು. ದೊರೆ, ರಾಣಿ, ಮಕ್ಕಳ ಮೈಮುಟ್ಟುವಂತಿಲ್ಲ. ದೂರುವವರೇ ತೀರ್ಪು ಕೊಡುವವರು, ಜಾರಿ ಮಾಡಲು ಇರುವುದು ಕತ್ತಿಯೊಂದೇ. ಜೂನ್ 15ರ ಒಪ್ಪಂದವನ್ನು ಪೋಪ್ ಮೂರನೇ ಇನ್ನೊಸೆಂಟ್ ಆಗಸ್ಟ್ 24ಕ್ಕೆ ರದ್ದುಮಾಡಿದ. ಹತ್ತೇ ವಾರ! ಜಾನ್ ಸತ್ತ ಮೇಲೆ 1216ರಲ್ಲಿ ಮತ್ತೆ ಹೊರಡಿಸಿದಾಗ ಈ ಮೂರೂ ಕಲಮುಗಳು ಮಾಯ.

ಆದ್ದರಿಂದ ಸಾಲ್ಸ್‌ಬರಿಯ ಹಾಳೆಯಲ್ಲಿರುವುದು ಸೋತ ಆವೃತ್ತಿ. ಬಾಳಿದ್ದು 1225ರದು: ಜಾನ್‌ನ ಮಗ ಮೂರನೇ ಹೆನ್ರಿ ಚರಾಸ್ತಿಯ ಹದಿನೈದನೇ ಒಂದು ಭಾಗ ತೆರಿಗೆ ಪಡೆದು ಅದನ್ನು ಕೊಟ್ಟ. ಹಣ ಬೇಕೆಂದರೆ ಮೊದಲು ಅಹವಾಲು ಕೇಳು ಎಂಬ ಈ ಚೌಕಾಸಿಯೇ ಮುಂದೆ ಪಾರ್ಲಿಮೆಂಟಿನ ಬಲವಾಯಿತು. 25 ಮಂದಿಯ ಕತ್ತಿಗೆ ಆಗದ ಕೆಲಸ ಅದು. ಡರಮ್ ಕೆಥೆಡ್ರಲ್‌ನ ಸಂಗ್ರಹದಲ್ಲಿ 1216 ಮತ್ತು 1225, ಎರಡರ ಪ್ರತಿಗಳೂ ಇವೆ. ಪ್ರದರ್ಶನಕ್ಕೆ ಇಟ್ಟಿದ್ದಾರೆಯೇ ಎಂದು ಕೇಳಿಕೊಂಡು ಹೊರಡಿ.