ವೆಡ್ಜ್‌ಗೆ ತುಕ್ಕು ಹಿಡಿಯಲೇ ಇಲ್ಲ, ಮೋಸ ಗೊತ್ತಾಗಿದ್ದೇ ಆಗ

ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ವೆಡ್ಜ್ (ಹತ್ತಿರದಿಂದ, ಮರಳಿನಿಂದ ಚೆಂಡನ್ನು ಎತ್ತಿ ಹೊಡೆಯುವ ಗಾಲ್ಫ್ ಕ್ಲಬ್, ಅಂದ್ರೆ ಕೋಲು) ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 22,500 ರೂಪಾಯಿ ಹೋಯ್ತು. ವಾಪಸ್ ಬರುವ ಹಾಗೆ ಕಾಣುತ್ತಿಲ್ಲ. ಮನೆಯಲ್ಲಿ ಇನ್ನೂ ಸರಿಯಾದ ಮೊತ್ತ ಹೇಳಿಲ್ಲ. ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ನನಗೆ ನಕಲಿ ವೆಡ್ಜ್ ಮಾರಿದ ಮನುಷ್ಯ ಈಗಲೂ ಮಾರುತ್ತಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಕಾರವಾರದ ಕಾಜುಬಾಗದಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಗಾಲ್ಫ್ ಕಲಿತೆ, ಊರಿಗೆ ಬಂದ ಮೇಲೂ ಬಿಡಲಿಲ್ಲ. ತಿಂಗಳಿಗೆ ಎರಡು ಭಾನುವಾರ ಮಾಜಾಳಿ ಗಡಿ ದಾಟಿ ಗೋವಾದ ಕಾಣಕೋಣದ ರಾಜಬಾಗಕ್ಕೆ ಹೋಗುತ್ತೇನೆ, ಅಲ್ಲಿ 9 ಹೋಲಿನ ಕೋರ್ಸ್ ಇದೆ. ನನ್ನ ಬ್ಯಾಗಿನಲ್ಲಿದ್ದದ್ದು ಒಂದೇ ಒಂದು ಹಳೇ ವೆಡ್ಜ್, ಕ್ಲೀವ್‌ಲ್ಯಾಂಡ್ ಕಂಪನಿಯ 588, ಮುಖದ ಓರೆ 56 ಡಿಗ್ರಿಯದ್ದು. ಕ್ರೋಮ್ ಅಲ್ಲಲ್ಲಿ ಎದ್ದು ಹೋಗಿದೆ.

ವೆಡ್ಜ್ ವಿಷಯದಲ್ಲಿ ನಮಗೆಲ್ಲ ಒಂದು ಹುಚ್ಚು ಇರುತ್ತೆ, ಅಲ್ವಾ? ಐರನ್ ಅನ್ನೋ ಉಳಿದ ಕ್ಲಬ್‌ಗಳ ಸೆಟ್ ಹಳೆಯದಾದರೂ ನಡೆಯುತ್ತೆ. ವೆಡ್ಜ್ ಮಾತ್ರ ಕಣ್ಣಿಗೆ ಹಿಡಿಸಬೇಕು. ಚೆಂಡಿನ ಹಿಂದೆ ಇಟ್ಟಾಗ ಮುಂದಿನ ಅಂಚು ಹೇಗೆ ಕೂರುತ್ತೆ, ತಳವನ್ನು ಎಲ್ಲೆಲ್ಲಿ ಉಜ್ಜಿ ತೆಗೆದಿದ್ದಾರೆ, ಆ ಉಜ್ಜಿದ ಆಕಾರ (ಗ್ರೈಂಡ್) ತಿಳಿಸುವ ಯಾವ ಅಕ್ಷರ ಅದರ ಮೇಲಿದೆ, ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡುತ್ತೇವೆ. ಅದರಲ್ಲೂ ರಾ ಫಿನಿಶ್ ಅಂದ್ರೆ ನನಗೆ ಪ್ರಾಣ. ಕ್ರೋಮ್ ಲೇಪ ಇರಲ್ಲ, ಬಿಸಿಲಿಗೆ ಹೊಳೆಯಲ್ಲ, ಆಡುತ್ತಾ ಆಡುತ್ತಾ ಚೆಂಡಿಗೆ ತಾಗುವ ಮುಖ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗುತ್ತೆ. ದೊಡ್ಡ ಆಟಗಾರರ ಹೆಸರಿನ ಅಕ್ಷರಗಳನ್ನು ಹಿಂಭಾಗದಲ್ಲಿ ಹೊಡೆದಿರುತ್ತಾರಲ್ಲ, ಅಂಥದ್ದೊಂದು ನನಗೂ ಬೇಕು ಅಂತ ಎಷ್ಟೋ ವರ್ಷದ ಆಸೆ. ಮಾರುವವನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ನನ್ನ ಆಸೆಗೇ ಅವನು ಗಾಳ ಹಾಕಿದ.

ಏಪ್ರಿಲ್ ಕೊನೆಯಲ್ಲಿ ಜಾಹೀರಾತು ಕಂಡೆ. ಟೈಟ್ಲಿಸ್ಟ್ ಕಂಪನಿಯ ವೋಕಿ ಎಸ್‌ಎಂ10 ವೆಡ್ಜ್‌ಗಳು, 52, 56, 60 ಡಿಗ್ರಿಯವು, ಮೂರೂ ರಾ ಫಿನಿಶ್. ಎಸ್‌ಎಂ10 ಬಂದದ್ದೇ 2024ರಲ್ಲಿ. ಅಂಗಡಿಯಲ್ಲಿ ವಿಚಾರಿಸಿದಾಗ ಹೊಸದು ಒಂದಕ್ಕೇ 15,000ದ ಮೇಲೆ ಹೇಳಿದ್ದರು. ಇವನು ಮೂರಕ್ಕೆ ಸೇರಿ 24,000 ಅಂದ, ಚೌಕಾಸಿ ಮಾಡಿದರೆ 22,500ಕ್ಕೆ ಇಳಿದ. ಅಷ್ಟು ಸುಲಭವಾಗಿ ಇಳಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಫೋನಿನಲ್ಲಿ ಮಾತು ಬಹಳ ನಯ. "ನಾವೂ ನಿಮ್ಮ ಕಡೆಯವರ ರೀ ಸರ, ಹುಬ್ಬಳ್ಳಿ. ಅಣ್ಣ ದುಬೈದಾಗ ಅದಾನ್ರಿ, ಅಂವ ಕಳಸ್ಯಾನ" ಅಂದ. ಈಗ ಮಡಗಾಂವ್‌ನಲ್ಲಿದ್ದೇನೆ ಅಂದ. ಹಾಗಾದ್ರೆ ನಾನೇ ಬಂದು ನೋಡ್ತೀನಿ ಅಂದೆ. ಇಲ್ಲ ಸರ, ನಾಳೆ ಊರಿಗೆ ಹೊರಟೇನಿ, ಕೊರಿಯರ್ ಮಾಡ್ತೀನಿ ಅಂದ. ಆಮೇಲೆ ಆ ಮಾತು ಬಂತು. "ನಿಮ್ಮ ಹೆಸರಿನ ಅಕ್ಷರ ಹೊಡಿಸಿ ಕೊಡ್ಲೇನ್ರಿ ಸರ? ಅದಕ್ಕ ರೊಕ್ಕ ಬ್ಯಾಡ."

ನಾನು ಕರಗಿಬಿಟ್ಟೆ. ಯಾವ ಅಕ್ಷರ, ಯಾವ ಬಣ್ಣ ಅಂತ ಅರ್ಧ ಗಂಟೆ ಮೆಸೇಜ್ ಮಾಡಿದ್ದೇನೆ. ತಳದ ಫೋಟೋ ಕೇಳಲಿಲ್ಲ. ತೂಕ ಕೇಳಲಿಲ್ಲ. ಬಿಲ್ ಕೇಳಲಿಲ್ಲ. ಅಕ್ಷರದ ಬಣ್ಣ ಕೇಳಿದೆ! ದುಡ್ಡು ಪೂರ್ತಿ ಮೊದಲೇ ಹಾಕಿದೆ.

9 ದಿನ ಬಿಟ್ಟು ಪಾರ್ಸೆಲ್ ಬಂತು. ನೋಡೋಕೆ ಚೆನ್ನಾಗಿಯೇ ಇತ್ತು, ಅದನ್ನು ಸುಳ್ಳು ಹೇಳಲ್ಲ. ನೀಲಿ ಬಣ್ಣದಲ್ಲಿ ನನ್ನ ಅಕ್ಷರಗಳು. ಅವತ್ತು ರಾತ್ರಿ ಮೂರನ್ನೂ ಹಾಸಿಗೆ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ.

ಮುಂದಿನ ಭಾನುವಾರ ರಾಜಬಾಗದಲ್ಲಿ ಚೆಂಡು ಬಂಕರಿಗೆ, ಅಂದ್ರೆ ಮರಳಿನ ಗುಂಡಿಗೆ ಬಿತ್ತು. 56 ತೆಗೆದೆ. ಅದರ ಮೇಲೆ 14ಎಫ್ ಅಂತ ಇದೆ, ಅಂದ್ರೆ 14 ಡಿಗ್ರಿ ಬೌನ್ಸ್, ಮುಂದಿನ ಅಂಚಿಗಿಂತ ತಳ ಕೆಳಗೆ ಉಬ್ಬಿರುವ ಕೋನ. ಅಷ್ಟು ಬೌನ್ಸ್ ಇರುವ ಕ್ಲಬ್ ಮರಳಿನಲ್ಲಿ ಜಾರಿಕೊಂಡು ಹೋಗಬೇಕು. ಇದು ಸಲಿಕೆ ಹಾಗೆ ಒಳಗೆ ಹೊಕ್ಕು ನಿಂತಿತು. ಕೈ ಜುಮ್ ಅಂತು, ಚೆಂಡು ನಾಲ್ಕು ಇಂಚು ಹೋಯ್ತು. ಮತ್ತೆ ಹೊಡೆದೆ, ಮತ್ತೆ ಅದೇ. ಕ್ಲಬ್ ಹೀಗೆ ಮರಳಿಗೆ ಹೊಕ್ಕಬಾರದು ಅಂತಲೇ ಅಮೆರಿಕದ ಆಟಗಾರ ಜೀನ್ ಸಾರಜನ್ 1930ರ ದಶಕದ ಶುರುವಿನಲ್ಲಿ ತಳಕ್ಕೆ ಲೋಹ ಸೇರಿಸಿ ಸ್ಯಾಂಡ್ ವೆಡ್ಜ್ ಮಾಡಿಕೊಂಡಿದ್ದು, 1932ರ ಬ್ರಿಟಿಷ್ ಓಪನ್ ಗೆದ್ದಿದ್ದು. ಇವನು ಕಳಿಸಿದ್ದರಲ್ಲಿ ಆ ತಳವೇ ಇಲ್ಲ, ಚಪ್ಪಟೆ. 14 ಅನ್ನೋದು ಬರೀ ಅಂಕಿ.

ಜೊತೆಗೆ ಆಡುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ ಹಿರಿಯರು. ಕ್ಲಬ್ ತಗೊಂಡು ಮುಖದ ಗೆರೆಗಳ ಮೇಲೆ ಉಗುರು ಎಳೆದರು. ಅಸಲಿಯಾದರೆ ಗೆರೆಯ ಅಂಚಿಗೆ ಉಗುರು ಸಿಕ್ಕಬೇಕು. ಇಲ್ಲಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಅವರು ಏನೂ ಹೇಳದೆ ವಾಪಸ್ ಕೊಟ್ಟರು. ಆ ಮೌನ ಇನ್ನೂ ಚುಚ್ಚುತ್ತೆ. ಆದರೂ ನಾನು ನಂಬಲಿಲ್ಲ ನೋಡಿ. ನನ್ನ ಸ್ವಿಂಗೇ ಸರಿಯಿಲ್ಲ ಅಂತ ಮೂರು ವಾರ ಬೆಳಗಾಗೆದ್ದು ಮಾಜಾಳಿ ಕಡಲ ದಂಡೆಯಲ್ಲಿ ಮರಳು ಹೊಡೆದಿದ್ದೇನೆ.

ಜೂನ್ ಬಂತು, ಮಳೆ ಹಿಡಿಯಿತು. ನಮ್ಮೂರಿನ ಹವೆ ಗೊತ್ತಲ್ಲ. ಗೇಟಿನ ಚಿಲಕ ಒಂದು ವಾರಕ್ಕೆ ಕೆಂಪಾಗುತ್ತೆ, ಕತ್ತರಿಗೆ ಎಣ್ಣೆ ಹಚ್ಚದಿದ್ದರೆ ಹೋಯ್ತು. ಬ್ಯಾಗು ಜಗಲಿಯಲ್ಲೇ ಉಳಿದಿತ್ತು, ಎರಚಲು ಬೀಳುವ ಜಾಗ. 8 ದಿನ ಬಿಟ್ಟು ನೋಡಿದರೆ ಹಳೇ ಕ್ಲೀವ್‌ಲ್ಯಾಂಡಿನಲ್ಲಿ ಕ್ರೋಮ್ ಎದ್ದ ಕಡೆಯೆಲ್ಲ ಇಟ್ಟಿಗೆ ಬಣ್ಣದ ತುಕ್ಕು. ಈ ಮೂರು "ರಾ" ವೆಡ್ಜ್‌ಗಳು ಬೆಳ್ಳಗೆ ಹಾಗೇ ಇವೆ. ಒಂದು ಚುಕ್ಕೆ ಇಲ್ಲ.

ರಾ ವೆಡ್ಜ್, ಕಾರವಾರ, ಜೂನ್ ಮಳೆ, ತುಕ್ಕು ಇಲ್ಲ. ಎದೆ ಧಸಕ್ ಅಂತು.

ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ತಂದೆ. ಕ್ಲೀವ್‌ಲ್ಯಾಂಡಿಗೆ ಟಕ್ ಅಂತ ಕೂತಿತು. 56ಕ್ಕೆ ಹಿಡಿದೆ, ಜಾರಿ ನೆಲಕ್ಕೆ ಬಿತ್ತು. 52, ಬಿತ್ತು. 60, ಬಿತ್ತು. ಅಸಲಿ ವೋಕಿ ಕಾರ್ಬನ್ ಸ್ಟೀಲ್, ಮ್ಯಾಗ್ನೆಟ್ ಹಿಡಿಯಲೇಬೇಕು. ಇದು ಸತುವಿನ ಥರದ ಯಾವುದೋ ಎರಕ. ಅಡಿಗೆಮನೆಯಿಂದ ಹೆಂಡತಿ "ಏನ್ರೀ ಅದು ಸದ್ದು?" ಅಂದಳು. ಏನಿಲ್ಲ ಅಂದೆ.

ತಕ್ಷಣ ವಿಡಿಯೋ ಮಾಡಿ ಅವನಿಗೆ ಕಳಿಸಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತಿದ್ದೇನೆ.

"ತುಕ್ಕು ಹಿಡದಿಲ್ಲಂದ್ರ ಖುಷಿ ಪಡ್ರಿ ಸರ, ಯಾಕ ಸಿಟ್ಟಾಗ್ತೀರಿ?"

"ಮ್ಯಾಗ್ನೆಟ್ ಹಚ್ಚಿ ಯಾರರೆ ಗಾಲ್ಫ್ ಆಡ್ತಾರೇನ್ರಿ?"

ದುಡ್ಡು ವಾಪಸ್ ಕೊಡು, ಮಾಲು ವಾಪಸ್ ಕಳಿಸ್ತೀನಿ ಅಂದೆ. ಅದಕ್ಕೆ ಬಂದ ಉತ್ತರ: "ನಿಮ್ಮ ಅಕ್ಷರ ಹೊಡದ ಮಾಲ ಇನ್ಯಾರು ತಗೋತಾರ್ರಿ ಸರ? ನೀವ ಹೇಳಿ ಹೊಡಿಸೀರಿ."

ಆಗ ಅರ್ಥವಾಯ್ತು. ಪುಕ್ಕಟೆ ಅಕ್ಷರ ಪ್ರೀತಿಗಲ್ಲ. ವಾಪಸ್ ಮಾಡದ ಹಾಗೆ ನನ್ನ ಕೈ ಕಟ್ಟೋಕೆ. ಈ ಒಂದು ಮೆಸೇಜನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. "ನೀವ ಹೇಳಿ ಹೊಡಿಸೀರಿ." ಹೌದು, ನಾನೇ ಹೇಳಿ ಹೊಡೆಸಿದ್ದು. ಕೊನೆಗೆ "ಕಲಿಯೋರಿಗೆ ಇಷ್ಟ ಸಾಕ್ರಿ" ಅಂತ ಒಂದು ಕಳಿಸಿ ನನ್ನನ್ನು ಬ್ಲಾಕ್ ಮಾಡಿದ. ಹನ್ನೊಂದು ವರ್ಷದಿಂದ ಆಡುತ್ತಿದ್ದೇನೆ ನಾನು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ದುಡ್ಡು ಹಾಕಿದ ದಿನಾಂಕ ಹೇಳಿದೆ, ಇಷ್ಟು ತಡ ಯಾಕೆ ಅಂತ ಕೇಳಿದರು. ನಿಜ, ಮೊದಲ ಕೆಲವು ಗಂಟೆಯಲ್ಲೇ ಹೇಳಿದರೆ ದುಡ್ಡು ತಡೆ ಹಿಡಿಯೋ ಸಾಧ್ಯತೆ ಜಾಸ್ತಿ. ನಾನು ತಿಂಗಳಿಡೀ ನನ್ನ ಸ್ವಿಂಗನ್ನೇ ಬೈದುಕೊಂಡು ಕೂತಿದ್ದೆ.

ತಗೊಳ್ಳುವವರು ಕೈಯಲ್ಲಿ ಹಿಡಿದು ನೋಡದೆ ಒಂದು ರೂಪಾಯಿ ಕೊಡಬೇಡಿ. ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗಿ, ಮುಖದ ಗೆರೆಗೆ ಉಗುರು ಹಾಕಿ, ತಳ ನೋಡಿ. ನಮ್ಮ ಕಡೆಯವನು ಅನ್ನೋ ಮಾತಿಗೆ ಕರಗಬೇಡಿ. ಪುಕ್ಕಟೆ ಅಕ್ಷರ ಅಂದ ಕೂಡಲೇ ಫೋನ್ ಇಡಿ.

ನಿನ್ನೆ ಅದೇ ಜಾಹೀರಾತು ಬೇರೆ ಹೆಸರು, ಬೇರೆ ನಂಬರಿನಲ್ಲಿ ಮತ್ತೆ ಬಂದಿದೆ. ಫೋಟೋ ಮಾತ್ರ ಹಳೆಯದೇ. ಕೆಂಪು ಗಾರೆ ನೆಲ, ಹಸಿರು ಪ್ಲಾಸ್ಟಿಕ್ ಮ್ಯಾಟ್, ಅದರ ಮೇಲೆ ಮೂರು ವೆಡ್ಜ್, ಬಲಮೂಲೆಯಲ್ಲಿ ಯಾರದೋ ಚಪ್ಪಲಿಯ ತುದಿ. ಈ ಸಲ ಬೆಲೆ 21,000.